ಒಡಪಿಲ್ಲದ ಹೆಸರು

ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಿಂದ ಸಣ್ಣದೊಂದು ಸದ್ದು ಬಂತು. ಜ಼್. ನಿಂತಿತು. ಮತ್ತೆ ಜ಼್. ಸೊಳ್ಳೆ ಇರಬೇಕೆಂದು ಶೇಖರಮ್ಮ ಸೆರಗು ಕೊಡವಿದಳು. ಆದರೆ ಯಾವ ಸೊಳ್ಳೆಯೂ ಹೀಗೆ ತಪ್ಪು ತಿದ್ದಿಕೊಂಡು ಗುಂಯ್‌ಗುಡುವುದಿಲ್ಲ. ಎದ್ದು ಹೋಗಿ ನೋಡಿದರೆ ಸೊಸೆ ಶಿವಕುಮಾರಿ ಒಲೆಕಟ್ಟೆಗೆ ಒರಗಿ, ಮೊಬೈಲಿನ ಬೆಳಕಿನಲ್ಲಿ ತುಟಿ ಅಲ್ಲಾಡಿಸುತ್ತಿದ್ದಳು.

"ಏನ್ ಬೇ ಇದು, ಹಾವು ಬುಸ್ ಅಂದಂಗ?"

"ಫ್ರೆಂಚ್ ರೀ ಅತ್ತಿ. ನಾಳೆ ಫೋನಿನಾಗ ಸಂದರ್ಶನ ಐತಿ."

ಲಿಂಗಸುಗೂರಿನಲ್ಲಿ ಡಿಗ್ರಿ ಓದುವಾಗಲೇ ಮೊಬೈಲಿನಲ್ಲಿ ಫ್ರೆಂಚ್ ಕಲಿತು, ಆಮೇಲೆ ಮಸ್ಕಿಯ ಈ ಮನೆಗೆ ಬಂದವಳು ಶಿವಕುಮಾರಿ. ಮಕ್ಕಳಿಗೆ ಮನೆಯಿಂದಲೇ ಪಾಠ ಹೇಳುವ ಕೆಲಸಕ್ಕೆ ಹೈದರಾಬಾದಿನ ಸಂಸ್ಥೆಯೊಂದು ಅವಳನ್ನು ಒಮ್ಮೆ ಮಾತಾಡಿಸಿ ಬೇಡವೆಂದಿತ್ತು. ಪದಗಳನ್ನು ಸೌತೆಕಾಯಿ ಹೆಚ್ಚಿದಂತೆ ಕಡಿಯುತ್ತೀರಿ, ಒಂದಕ್ಕೊಂದು ಕೂಡಿಸಿ ಹೇಳಿ ಎಂದಿದ್ದರು. ನಾಳೆಯದು ಕೊನೆಯ ಅವಕಾಶ. ಮಾವ ಕರಿಬಸಯ್ಯನವರು ಮಾತ್ರ, ತಮ್ಮ ಮನೆಯ ಸೊಸೆ ಗುರುತಿಲ್ಲದವರ ಮುಂದೆ ಪರದೇಶಿ ಮಾತಾಡುವುದು ಬೇಡವೆಂದು ಆಗಲೇ ಕಡ್ಡಿ ಮುರಿದಂತೆ ಹೇಳಿದ್ದರು. ಸಿಂಧನೂರಿನಲ್ಲಿ ಪೈಪಿನ ಅಂಗಡಿ ನೋಡಿಕೊಳ್ಳುವ ಗಂಡ, "ಅಪ್ಪ ಹೂಂ ಅಂದ್ರ ನಂದೇನೈತಿ" ಎಂದು ಜಾರಿಕೊಂಡಿದ್ದ.

"ನಿಮ್ಮ ಮಾವ ಬ್ಯಾಡಂದಾರಲ್ಲ?"

"ಅಂದಾರ. ನಾ ಬಿಡಂಗಿಲ್ರಿ. ನೀವು ಹೇಳೋರಿದ್ರ ಈಗೇ ಎಬ್ಬಿಸ್ರಿ."

ಶೇಖರಮ್ಮ ಎಬ್ಬಿಸಲಿಲ್ಲ. ಮಣೆ ಎಳೆದುಕೊಂಡು ಕೂತಳು. "ಆ ಜ಼್ ಯಾಕದು?"

"ನೂ ಅಂದ್ರ ನಾವು. ಆಬಿತೊಂ ಅಂದ್ರ ಇರ್ತೀವಿ. ನೂ ಅನ್ನೋದರ ಕೊನಿಗೆ ಒಂದು ಅಕ್ಷರ ಬರದಿರತಾರ, ಒಂಟಿ ಇದ್ದಾಗ ಅದನ್ನ ಅನ್ನಂಗಿಲ್ಲ. ಮುಂದ ಸ್ವರದ ಶಬ್ದ ಬಂದು ಕೈ ಹಿಡೀತಂದ್ರ ಅದಕ್ಕ ದನಿ ಬರತೈತಿ. ನೂಜ಼ಾಬಿತೊಂ."

"ಬರದದ್ದು ಅನ್ನಬಾರದಂತ ಯಾರು ಹೇಳಿದ್ರು?"

"ಹಿಂದಿನೋರು ರೀ."

"ಅಲ್ಲೂ ಅದಾರೇನು ಹಿಂದಿನೋರು?" ಶೇಖರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ಗಂಡಗ ಏನಂತಾರ?"

"ಮಾರಿ."

"ಸರಿಯಾಗೇ ಇಟ್ಟಾರ."

ಹಾಸಿಗೆಗೆ ಮರಳಿದರೂ ಶೇಖರಮ್ಮನಿಗೆ ನಿದ್ದೆ ಹತ್ತಲಿಲ್ಲ. ಅವರ ಮನೆತನದಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದಾಗಿ ಹೇಳುವಂತಿಲ್ಲ. ಹೇಳಲೇಬೇಕಾದರೆ ಪ್ರಾಸ ಕಟ್ಟಿದ ಒಡಪಿನೊಳಗೆ ಸೇರಿಸಿ ಹೇಳಬೇಕು. ಮದುಮಗಳಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತಿದ್ದರು. "ಜರದ ಸೀರಿ ಉಟ್ಟೀನಿ, ಬಲಗಾಲು ಮುಂದ ಇಟ್ಟೀನಿ, ಕರಿಬಸಯ್ಯನವರ ಹೆಸರು ಹೇಳೀನಿ, ದಾರಿ ಬಿಡ್ರಿ" ಎಂದ ಮೇಲೆಯೇ ಒಳಗೆ ಬಿಟ್ಟದ್ದು. ಆಮೇಲೆ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದಾಗಲೂ ಅವಳು ಪಕ್ಕದವರ ಮುಖ ನೋಡುತ್ತಿದ್ದಳು. ಪಕ್ಕದವರು ಹೇಳುತ್ತಿದ್ದರು.

ಬೆಳಿಗ್ಗೆ ಕರಿಬಸಯ್ಯನವರು ಊರೊಳಗಿನ ತಮ್ಮ ಅಂಗಡಿಗೆ ಹೋದದ್ದೇ ಶಿವಕುಮಾರಿ ಒಳಕೋಣೆಯಲ್ಲಿ ಫೋನಿನ ಮುಂದೆ ಕೂತಳು. ಶೇಖರಮ್ಮ ಬಾಗಿಲ ಬಳಿ ಜೋಳ ಹಸನು ಮಾಡುತ್ತಿದ್ದಳು. ಮಾತು ಚೆನ್ನಾಗಿ ಓಡುತ್ತಿತ್ತು, ಎಲ್ಲೂ ಕಡಿಯಲಿಲ್ಲ. ಅಷ್ಟರಲ್ಲಿ ಮರೆತ ಕನ್ನಡಕಕ್ಕೆಂದು ಕರಿಬಸಯ್ಯನವರು ತಿರುಗಿ ಬಂದರು.

"ಯಾರದು ಒಳಗ? ಅದೇ ಫ್ರೆಂಚೇನು? ಸರಿ ಆಕಡೆ."

ಶೇಖರಮ್ಮ ಮೊರ ಕೆಳಗಿಟ್ಟು ಎದ್ದಳು. ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದಳು. "ಹೋಗಬ್ಯಾಡ್ರಿ. ಮಾತಾಡಾಕತ್ಯಾಳ."

"ಏನು, ನನ್ನ ಮನ್ಯಾಗ ನಾನೂ ಒಡಪು ಹೇಳೇ ಒಳಗ ಹೋಗ್ಬೇಕೇನು?"

"ಹೇಳಿದ್ರೂ ಬಿಡಂಗಿಲ್ಲ."

ಆಗಲೇ ಫೋನಿನವರು ಏನೋ ಕೇಳಿದರು. ಮಾರಿ ಎಂಬುದಷ್ಟೇ ಶೇಖರಮ್ಮನಿಗೆ ತಿಳಿಯಿತು. ಒಳಗೆ ದನಿ ನಿಂತಿತು. ಅವರು ಮತ್ತೆ ಕೇಳಿದರು. ಶಿವಕುಮಾರಿ ಬಾಗಿಲಲ್ಲಿ ನಿಂತ ಅತ್ತೆಯನ್ನು ನೋಡಿದಳು, ಅತ್ತೆಯ ಹೆಗಲ ಮೇಲಿಂದ ಮಾವನನ್ನು ನೋಡಿದಳು. ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ. ಕಣ್ಣು ಕೆಳಗಿಳಿಸದೆ ಹೇಳಿದಳು:

"ಸಿದ್ದಲಿಂಗೇಶ್ ಏ ಮ್ವಾ, ನೂಜ಼ಾಬಿತೊಂ ಆ ಮಸ್ಕಿ." ಸಿದ್ದಲಿಂಗೇಶ್ ಮತ್ತು ನಾನು, ನಾವು ಮಸ್ಕಿಯಲ್ಲಿರುತ್ತೇವೆ ಎಂದು.

"ಗಂಡನ ಹೆಸರು ತಗೊಂಡ್ಳು," ಎಂದರು ಕರಿಬಸಯ್ಯನವರು. "ನಮ್ಮ ಎದುರಿಗೇ."

"ತಗೊಂಡ್ಳು. ಇಟ್ಟಾಕಿ ನಾನು, ಕರಿಯಾಕಂತ ಇಟ್ಟೀನಿ."

ಚಾಚಿದ ಕೈ ಇಳಿಯುವಂತೆ ಕಾಣಲಿಲ್ಲ. ಕರಿಬಸಯ್ಯನವರು ಕನ್ನಡಕವಿಲ್ಲದೆಯೇ ಅಂಗಡಿಗೆ ಹೋದರು.

ಶಿವಕುಮಾರಿ ಫೋನು ಹಿಡಿದುಕೊಂಡೇ ಹೊರಗೆ ಬಂದಳು. "ತಗೊಂಡ್ರು ಅತ್ತಿ. ಸೋಮವಾರದಿಂದ ಪಾಠ ಶುರು. ರಾತ್ರಿ ಮಾವಾರು ಬೈತಾರ."

"ಬೈಲಿ. ಇಬ್ಬರೂ ಕೂಡೇ ಕೇಳಿದ್ರಾತು. ಹೋಗು, ನೀರು ಕುಡಿ."

ಶೇಖರಮ್ಮ ಒಲೆ ಹೊತ್ತಿಸಿ ರೊಟ್ಟಿ ಬಡಿಯತೊಡಗಿದಳು. ತಟ್ಟುವ ಸದ್ದಿನ ನಡುವೆ ಬಾಯಿ ತೆರೆದು ಅಂದಳು, "ಕರಿಬಸಯ್ಯ." ಜರದ ಸೀರೆಯಿಲ್ಲ, ಬಲಗಾಲಿಲ್ಲ, ಹೆಸರಿನ ಕೊನೆಗೊಂದು 'ಅವರು' ಕೂಡ ಇಲ್ಲ. ರೊಟ್ಟಿ ಎಂದಿನಂತೆಯೇ ಉಬ್ಬಿತು.

"ಏನಂದ್ರಿ ಅತ್ತಿ?" ಸೊಸೆ ಹೊರಗಿನಿಂದ ಕೇಳಿದಳು.

"ಏನಿಲ್ಲ ಬೇ."

ಇದನ್ನು ಯಾರಿಗೂ ಹೇಳಬಾರದು, ಸೊಸೆಗೂ ಹೇಳಬಾರದು ಎಂದುಕೊಂಡಳು. ಅಂಜಿ ಅಲ್ಲ. ಇದೊಂದು ತನ್ನದೇ ಆಗಿರಲಿ ಎಂದು.