ಕಟ್ಟೆ ಹತ್ತಬಾರದು

ಚಟ್ಟದ ಮುಂದಿನ ತುದಿಗೆ ಹೆಗಲು ಕೊಡಲು ಬಗ್ಗಿದವನನ್ನು ಕಂಡು ಮಗಳು ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಚೌಕದಲ್ಲಿ ಕತ್ತಿ, ಕತ್ತರಿಗೆ ಸಾಣೆ ಹಿಡಿಯುವವನು. ಅವನ ಮುಂಗೈ ಸೊಟ್ಟಗಾಗಿದ್ದು ಚಟ್ಟದ ಮೇಲಿದ್ದ ಅಪ್ಪನ ಕೋಲಿನಿಂದಲೇ. ಹಿಂದೆ ನಿಂತಿದ್ದ ಹಮಾಲರಿಬ್ಬರೂ ಆ ಕೋಲಿನ ರುಚಿ ಕಂಡವರೇ.

ಯಾಕೆ ಬಂದೆಯೆಂದು ಚಿಕ್ಕಪ್ಪ ಗದರಿದ. ಕೋಲಪ್ಪ ನಿಜವಾಗಿಯೂ ಸತ್ತನೋ ಇಲ್ಲವೋ ನೋಡಿಕೊಂಡು ಹೋಗಲು ಬಂದೆ ಎಂದ ಸಾಣೆಯವನು. ಚೌಕದಲ್ಲಿ ಅಪ್ಪನಿಗಿದ್ದ ಹೆಸರೇ ಅದು. ಹೊರಲು ಗತಿಯಿಲ್ಲದೆ ನಿಂತಿದ್ದೀರಿ ಅಂತಲೂ ಸೇರಿಸಿದ.

ಅದು ಸುಳ್ಳಲ್ಲ. ಓಣಿಯವರು ಬಾಗಿಲು ಹಾಕಿಕೊಂಡು ಕೂತಿದ್ದರು. ಜೀವಮಾನವೆಲ್ಲ ಚೌಕದ ಸ್ವಾತಂತ್ರ್ಯ ಪ್ರತಿಮೆಯನ್ನು ಕಾದವನ ಮೇಲೆ ಹೊದಿಸಲು ಒಂದು ರಾಷ್ಟ್ರಧ್ವಜ ಕೊಡಿ ಎಂದು ಚಿಕ್ಕಪ್ಪ ಬೆಳಿಗ್ಗೆ ಪುರಸಭೆ ಕಚೇರಿಗೆ ಹೋಗಿ ಉಗಿಸಿಕೊಂಡು ಬಂದಿದ್ದ. ಧ್ವಜವೇನಿದ್ದರೂ ದೊಡ್ಡವರಿಗಂತೆ. ಹೀಗಾಗಿ ಅಪ್ಪ ತನ್ನ ಹಳೇ ಚೌಕಳಿ ಹೊದಿಕೆಯಲ್ಲೇ ಮಲಗಿದ್ದ.

"ಒಂದು ಮಾತು," ಎಂದ ಸಾಣೆಯವನು. "ಪ್ರತಿಮೆ ಕಟ್ಟೆ ಮೇಲೆ ಇಳಿಸಿ, ಸ್ವಲ್ಪ ಹೊತ್ತು ಕೂತು ಹೋಗ್ತೀವಿ. ಒಪ್ಪಿದ್ರೆ ಹೊರ್ತೀವಿ. ಇಲ್ಲಾಂದ್ರೆ ನೀವೇ ಎಳ್ಕೊಂಡು ಹೋಗಿ."

ಸತ್ತವನ ಮೇಲೆಂಥ ಸೇಡು ಎಂದು ಚಿಕ್ಕಪ್ಪ ಹಾರಾಡಿದ.

*

ಚಿಕ್ಕವಳಿದ್ದಾಗ ಅಪ್ಪನಿಗೆ ಚೌಕಕ್ಕೆ ಊಟ ಒಯ್ಯುತ್ತಿದ್ದವಳು ಮಗಳೇ. ಕಟ್ಟೆಯ ಮೇಲೆ ಕಂಚಿನ ಹೆಂಗಸು ಹರಿದ ಸಂಕಲೆಯನ್ನು ಎತ್ತಿ ಹಿಡಿದು ನಿಂತಿದ್ದಳು. ಕಟ್ಟೆಯ ಕಲ್ಲಿನಲ್ಲಿ 'ಜನತೆಗೆ ಅರ್ಪಣೆ' ಎಂದು ಕೆತ್ತಿತ್ತು. ಆ ಜನತೆ ಮಾತ್ರ ಕಂಬಿ ಬೇಲಿಯಾಚೆ ಬಿಸಿಲಲ್ಲಿ ಬೇಯುತ್ತಿತ್ತು. ಒಂದು ದಿನ ಹುಡುಗಿ ಕಂಬಿಯಡಿ ನುಸುಳಿ ಕಟ್ಟೆ ಹತ್ತಿ, ಕಂಚಿನ ಹೆಬ್ಬೆರಳನ್ನು ಮುಟ್ಟಿದಳು. ಸ್ವಂತ ಮಗಳಿಗೆ ಇವನೇನು ಮಾಡುತ್ತಾನೋ ನೋಡೋಣವೆಂದು ಚೌಕಕ್ಕೆ ಚೌಕವೇ ಎದ್ದು ನಿಂತಿತು.

ಅಪ್ಪ ಮೀನಖಂಡಕ್ಕೆ ಎರಡು ಬಾರಿಸಿದ.

"ನಿನ್ನ ಬಿಟ್ರೆ ಊರೇ ಹತ್ತುತ್ತೆ," ಎಂದ. "ಅದು ನೋಡೋ ಜಾಗ. ಕೂರೋ ಜಾಗ ಅಲ್ಲ."

ಕಚೇರಿಯವರು ಅವನ ಬೆನ್ನು ತಟ್ಟಿದರು. ಅದೇ ಹುರುಪಿನಲ್ಲಿ ಅಪ್ಪ, ನೆರಳಿಗೆಂದು ಕಟ್ಟೆ ಮೇಲೆ ಕೂತ ಸಾಣೆಯವನ ಕೈ ಮುರಿದಿದ್ದ. ಮಗಳು ಅಪ್ಪನಿಗೆ ಕೊನೆಯವರೆಗೂ ಅನ್ನ ಹಾಕಿದಳು, ಮಾತ್ರೆ ನುಂಗಿಸಿದಳು, ಪಕ್ಕದಲ್ಲಿ ಮಾತ್ರ ಒಂದು ದಿನವೂ ಕೂರಲಿಲ್ಲ. ಅವಳಿಗೆ ಅವನ ಮೇಲೆ ದ್ವೇಷವಿತ್ತು.

*

"ಆಗಲಿ, ಇಳಿಸಿ," ಎಂದಳು ಮಗಳು. "ನಾನೂ ಕೂರ್ತೀನಿ."

ಚಿಕ್ಕಪ್ಪ ಅವಳನ್ನು ದುರುಗುಟ್ಟಿ ನೋಡಿ, ಗೊಣಗುತ್ತಲೇ ನಾಲ್ಕನೆಯ ತುದಿ ಹಿಡಿದ.

ಚೌಕದಲ್ಲಿ ಹಮಾಲರು ಕಂಬಿಯ ಗೇಟನ್ನು ಒದ್ದು ತೆರೆದರು. ಚಟ್ಟ ಕಟ್ಟೆಯ ಮೇಲೆ ಇಳಿಯುವಷ್ಟರಲ್ಲಿ ಹೊಸ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

"ಇಳೀರಿ ಕೆಳಗೆ. ಕಟ್ಟೆ ಹತ್ತಬಾರದು."

"ಯಾರು ಅಂತ ಮುಖ ನೋಡು," ಎಂದ ಸಾಣೆಯವನು. "ನಿನಗೆ ಕೆಲಸ ಕಲಿಸಿದ ಗುರು."

"ಯಾರೇ ಆದ್ರೂ ಬಿಡಬೇಡ ಅಂತ ಕಲಿಸಿದ್ದೂ ಅವರೇ," ಎಂದವನೇ ಕಾವಲುಗಾರ ಕೋಲೆತ್ತಿದ. ಗುರಿ ಸಾಣೆಯವನಿಗಿತ್ತು. ಅವನು ಹಳೇ ಅನುಭವಸ್ಥ, ಪಕ್ಕಕ್ಕೆ ಸರಿದುಬಿಟ್ಟ. ಏಟು ಚೌಕಳಿ ಹೊದಿಕೆಯ ಮೇಲೆ, ಅಪ್ಪನ ಕಾಲಿಗೆ ಬಿತ್ತು.

ಸದ್ದು ಎಲ್ಲರಿಗೂ ಕೇಳಿಸಿತು. ನಗಲೆಂದೇ ಬಂದಿದ್ದ ಹಮಾಲರು ನಗಲಿಲ್ಲ. ಮಗಳಿಗೆ ಸಮಾಧಾನವಾಗಬೇಕಿತ್ತು, ಇಂಥದೊಂದು ಏಟನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಕೊಟ್ಟಿದ್ದಳು. ಆಗಲಿಲ್ಲ.

ಅವಳು ಕಟ್ಟೆ ಹತ್ತಿ ಅಪ್ಪನ ಪಕ್ಕದಲ್ಲಿ ಕೂತಳು. ಏಟು ಬಿದ್ದ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಮೆಲ್ಲಗೆ ತಿಕ್ಕತೊಡಗಿದಳು. ಕಾವಲುಗಾರ ಮತ್ತೆ ಸೀಟಿ ಊದಿ ಕೋಲೆತ್ತಿದ. ಸಾಣೆಯವನು ಬಂದು ಕೋಲಿಗೂ ಆ ಕಾಲಿಗೂ ನಡುವೆ ಕೂತ.