ಪ್ರೊ ಡಬ್ಬದ ಮೇಲಿನ ಹಳದಿ ಚೀಟಿ

ಕೊಡಿಗೇಹಳ್ಳಿಯ ಪದ್ಮಶ್ರೀ ತನ್ನ ಅಂಗಡಿಯಲ್ಲಿ ಗೇಮ್ ಕನ್ಸೋಲ್‌ಗಳನ್ನು ಮೂರು ಹಲಗೆಗಳ ಮೇಲೆ ಜೋಡಿಸಿಟ್ಟಿದ್ದಳು. ಕೆಳಗೆ ಯಾರೋ ಆಡಿ ಮಾರಿದ ಹಳೆಯವು, ಒಂಬತ್ತು ಸಾವಿರ. ನಡುವೆ ಇಪ್ಪತ್ತೆಂಟು ಸಾವಿರದವು. ಮೇಲೆ ಪ್ರೊ, ಮೂವತ್ತೊಂಬತ್ತು ಸಾವಿರ. ಪ್ರೊ ಕೊಂಡವರ ಮನೆಗೆ ಅವಳೇ ಹೋಗಿ ಟಿವಿಗೆ ಜೋಡಿಸಿ ಬರುವುದು ಅಂಗಡಿಯ ಪದ್ಧತಿ. ಅದಕ್ಕೆಂದೇ ಪ್ರತಿ ಪ್ರೊ ಡಬ್ಬದ ಮೇಲೂ ತನ್ನ ಫೋನ್ ನಂಬರಿನ ಹಳದಿ ಚೀಟಿ ಅಂಟಿಸುತ್ತಿದ್ದಳು.

2017ರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಆ ಅಂಗಡಿಗೆ ನಂದಕುಮಾರ ಬಂದ. ಬರಲು ಮುಖವಾದರೂ ಹೇಗೆ ಬಂತೋ! ಆರು ತಿಂಗಳ ಹಿಂದೆ ಅವಳೊಂದಿಗೆ ನಿಶ್ಚಿತಾರ್ಥ ಮಾಡಿಕೊಂಡಿದ್ದವನು ಅವನೇ. ಹೆಸರಘಟ್ಟದ ದೊಡ್ಡಮುನಿಯಪ್ಪ ಮಗಳ ಜೊತೆಗೆ ಸೈಟನ್ನೂ ಕೊಡುತ್ತಾರೆಂದು ತಿಳಿದದ್ದೇ ತಡ, ಉಂಗುರ ವಾಪಸ್ಸು ಕಳಿಸಿದ. ಅವಳ ಅಪ್ಪ ಹೋಗಿ ಕೈಮುಗಿದರೆ, "ಮೇಲಿನ ಮಾಡೆಲ್ ಸಿಗ್ತಿರುವಾಗ ಕೆಳಗಿಂದು ಯಾರ್ ತಗೋತಾರೆ ಹೇಳಿ" ಎಂದಿದ್ದ.

ಪದ್ಮಶ್ರೀ ಆಗ ತುಟಿಪಿಟಕ್ಕೆನ್ನಲಿಲ್ಲ. ಆದರೆ ಅಂದಿನಿಂದ ತಿಂದದ್ದು ರುಚಿಸಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗಲೆಲ್ಲ ಅವನು ಹಾಳಾಗಲಿ ಎಂದು ಬೇಡಿದಳು. ಹಾಗೆ ಬೇಡಬಾರದೆಂದು ಗೊತ್ತಿದ್ದೂ ಬೇಡಿದಳು.

ದೊಡ್ಡಮುನಿಯಪ್ಪನವರ ಹೊಸ ಅಳಿಯ ಈಗ ತಾನಾಗಿಯೇ ಜಂಬ ಕೊಚ್ಚಿಕೊಂಡ. ಮದುವೆ ಮಂಟಪದಲ್ಲಿ ನೂರು ಜನರ ಮುಂದೆ ಬಾಮೈದನಿಗೆ ಪ್ರೊ ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ. ಭಾನುವಾರ ಮಾವನ ಮನೆಯಲ್ಲಿ ಬೀಗರೂಟ, ಸೋಮವಾರ ಸೈಟು ಅವನ ಹೆಸರಿಗೆ ರಿಜಿಸ್ಟ್ರೇಶನ್. ಇಷ್ಟು ಹೇಳಿ ದನಿ ತಗ್ಗಿಸಿದ.

"ಪ್ರೊ ಡಬ್ಬದೊಳಗೆ ಕೆಳಗಿನ ಹಲಗೇದು ಹಾಕ್ಕೊಡು. ಹಳ್ಳಿಯೋರು, ಅವ್ರಿಗೇನ್ ಗೊತ್ತಾಗುತ್ತೆ? ನೀನು ಬಾಯಿ ಬಿಡೋಳಲ್ಲ ಅಂತ ಇಲ್ಲಿಗೇ ಬಂದೆ."

ಅವಳು ಖಾಲಿ ಪ್ರೊ ಡಬ್ಬ ತೆಗೆದಳು. ಹಳೆಯ ಕನ್ಸೋಲನ್ನು ಗಿರಾಕಿ ಕೇಳಿದಂತೆ ಪ್ರೊ ಡಬ್ಬಕ್ಕೆ ಹಾಕಿಕೊಟ್ಟಿದೆ ಎಂದು ಬಿಲ್ಲಿನಲ್ಲಿ ಬರೆದು ಸಹಿ ಕೇಳಿದಳು. ಅವನು ಓದದೆ ಗೀಚಿದ. ಡಬ್ಬದ ಮೇಲಿನ ಹಳದಿ ಚೀಟಿಯನ್ನು ಕೀಳಬಹುದಿತ್ತು. ಕೀಳಲಿಲ್ಲ. ಹೆಬ್ಬೆರಳಿನಿಂದ ಇನ್ನಷ್ಟು ಒತ್ತಿ ಅಂಟಿಸಿದಳು.

ಭಾನುವಾರ ಹನ್ನೆರಡಕ್ಕೆ ಫೋನ್ ಬಂತು. ಚೀಟಿ ನೋಡಿದ ದೊಡ್ಡಮುನಿಯಪ್ಪನವರೇ ಟಿವಿಗೆ ಜೋಡಿಸಿಕೊಡಲು ಕರೆದಿದ್ದರು. ಪದ್ಮಶ್ರೀ ಬಿಲ್ಲಿನ ಪ್ರತಿಯನ್ನು ಬ್ಯಾಗಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದಳು.

ಹಜಾರದ ತುಂಬ ನೆಂಟರು. ಅವಳನ್ನು ಕಂಡು ನಂದಕುಮಾರನ ಮುಖ ಬಿಳಿಚಿತು. ತಾನೇ ಜೋಡಿಸುತ್ತೇನೆಂದು ಎದ್ದವನನ್ನು ಮಾವ ಕೈಹಿಡಿದು ಕೂರಿಸಿದರು. ಅವಳು ನಿಧಾನವಾಗಿ ಡಬ್ಬ ಬಿಚ್ಚಿದಳು.

"ಯಜಮಾನ್ರೇ, ಇದು ಪ್ರೊ ಅಲ್ಲ. ಒಂಬತ್ತು ಸಾವಿರದ್ದು, ಯಾರೋ ಆಡಿ ಮಾರಿದ್ದು. ನಿಮ್ಮ ಅಳಿಯಂದಿರೇ ಈ ಡಬ್ಬಕ್ಕೆ ಹಾಕಿಸ್ಕೊಂಡ್ರು. ಸಹಿ ನೋಡಿ."

ದೊಡ್ಡಮುನಿಯಪ್ಪ ಬಿಲ್ಲನ್ನು ಎರಡು ಸಲ ಓದಿಸಿಕೊಂಡರು. ತಲೆ ತಗ್ಗಿಸಿ ಕೂತಿದ್ದ ಮಗಳು ಮೋನಿಕಾಳನ್ನು ನೋಡಿದರು.

"ನಾನೂ ಇಂಗೇ ಡಬ್ಬ ನೋಡಿ ಮಗಳನ್ನ ಕೊಟ್ಬುಟ್ಟೆ," ಎಂದರು. "ನಾಳೆ ಸೈಟು ಮೋನಿಕಾ ಹೆಸರಿಗಾಗ್ಲಿ. ಅಳಿಮಯ್ಯ ಬೇಕಾದ್ರೆ ಸಾಕ್ಷಿ ಸಹಿ ಆಕ್ಲಿ. ಸಹಿ ಆಕೋದು ಚೆನ್ನಾಗ್ ಬತ್ತದೆ."

ಮನೆಗೆ ಬಂದವಳು ಊಟ ಮಾಡದೆ ಹೋಗಬಾರದೆಂದು ದೊಡ್ಡಮುನಿಯಪ್ಪನವರ ಹೆಂಡತಿ ಮುನಿಗಂಗಮ್ಮ ಹಟ ಹಿಡಿದರು. ಪದ್ಮಶ್ರೀ ನಂದಕುಮಾರನ ಎದುರು ಸಾಲಿನಲ್ಲೇ ಕೂತಳು. ಅವನ ಎಲೆಯಲ್ಲಿ ಮುದ್ದೆ ಮುಟ್ಟದೆ ಆರುತ್ತಿತ್ತು. ಸಾರು ಬಹಳ ರುಚಿಯಾಗಿತ್ತು. ಅವಳು ಎರಡನೇ ಮುದ್ದೆ ಹಾಕಿಸಿಕೊಂಡು, ಅವನ ಮುಖ ನೋಡುತ್ತಲೇ ನುಂಗಿದಳು.