ಹಿಂದಿನ ಸ್ಪೀಕರಿನ ಚಿಕ್ಕಪ್ಪ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಸಿನಿಮಾ ಡಿಸ್ಕ್ ಹಾಕಿದೊಡನೆ ಬರುವ ಮೆನುವಿನಿಂದಲೇ ಆಗಲಿ. ‘ಮೂಲ ಮೋನೋ’, ‘ಹೊಸ ಸರೌಂಡ್’. ಮೊದಲನೆಯದರಲ್ಲಿ ಸದ್ದೆಲ್ಲ ಒಂದೇ ಕಡೆಯಿಂದ, ಎರಡನೆಯದರಲ್ಲಿ ಸುತ್ತಲಿಂದ; ಒಂದನ್ನು ಆರಿಸಬೇಕು. ಮರ್ಯಾದಸ್ಥರು ಮೂಲವನ್ನೇ ಆರಿಸುತ್ತಾರೆ. ಹೊಸದನ್ನು ಒತ್ತುವವರು ನೂಡಲ್ಸ್ ಸೂಪಿಗೆ ಕೋಲಾ ಸುರಿದುಕೊಳ್ಳುವ ಜನ. (ಓದುಗರೇ, ನೀವು ಅಂಥವರಾದರೆ ಈಗಲೇ ಎದ್ದು ಹೋಗಬಹುದು. ಬೇಡ, ಕೂತಿರಿ. ಇರುವುದೇ ನಾಲ್ಕು ಜನ.)

೨
ಭಾನುವಾರ ಮಧ್ಯಾಹ್ನ ಶಾಮ್ ಶುಯಿ ಪೋ ಬಡಾವಣೆಯ ನನ್ನ ಫ್ಲ್ಯಾಟಿಗೆ ಚಿಕ್ಕಮ್ಮ ಮಾಂಗ್-ಕ್ಯು ಎಗ್ ಟಾರ್ಟಿನ ಡಬ್ಬಿ ಹಿಡಿದು ಬಂದಳು. ಚಿಕ್ಕಪ್ಪ ಸೆಕ್-ಹೋಯ್ ತೀರಿಕೊಂಡು ವರ್ಷವಾಗಿತ್ತು. ಹಳೆಯ ಕುಂಗ್ ಫು ಸಿನಿಮಾಗಳ ಖಳನಾಯಕ ಆತ. ಪ್ರತಿ ಚಿತ್ರದಲ್ಲೂ ತಪ್ಪದೆ ಸತ್ತವನು.

“ಕಿಟ್, ಅವರ ದನಿ ಒಂದ್ಸಲ ಕೇಳಿಸೋ. ಮನೇಲಿ ಎಲ್ಲೂ ಉಳಿದಿಲ್ಲ. ಮರೆತೇ ಹೋಗ್ತಿದೆ ಕಣೋ, ಭಯ ಆಗುತ್ತೆ.”

ನಾನು ಆತನ ಸಿನಿಮಾದ ಡಿಸ್ಕ್ ಹಾಕಿ ಮೂಲವನ್ನು ಒತ್ತಿದೆ. ಪರದೆಯ ಮೇಲೆ ಚಿಕ್ಕಪ್ಪ ಗರ್ಜಿಸಿದ. ಚಿಕ್ಕಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಕಥೆ ಮುಗಿಯಿತು.

೨ (ಮತ್ತೊಮ್ಮೆ)
ಮುಗಿಯಲಿಲ್ಲ. ಅವಳು ಅಳಲೂ ಇಲ್ಲ.

“ಯಾರೋ ಇದು?”

“ಚಿಕ್ಕಪ್ಪ.”

“ಮೂತಿ ಅವರದ್ದು. ದನಿ ಆ ಡಬ್ಬಿಂಗ್ ಮಾಡೋ ಬೋಳುತಲೆಯವಂದು. ಹೀರೋಗೂ ಅವನೇ, ಹೀರೋ ಅಪ್ಪಂಗೂ ಅವನೇ. ಶೂಟಿಂಗಲ್ಲಿ ಇವರ್ಯಾರೂ ಮಾತೇ ಆಡ್ತಿರ್ಲಿಲ್ಲ. ಸುಮ್ನೆ ಒಂದು, ಎರಡು, ಮೂರು ಅಂತ ಎಣಿಸ್ತಿದ್ರು. ತುಟಿ ನೋಡು!”

ನೋಡಿದೆ. ಊರನ್ನೇ ಸುಡುತ್ತೇನೆಂದು ಆರ್ಭಟಿಸುತ್ತಿದ್ದ ಚಿಕ್ಕಪ್ಪನ ತುಟಿ ಏಳು, ಎಂಟು ಎನ್ನುತ್ತಿತ್ತು. ಇಷ್ಟು ವರ್ಷ ನಾನು ಕಂಡಕಂಡವರ ಜೊತೆ ಜಗಳವಾಡಿ ಕಾಪಾಡಿದ ಪರಿಶುದ್ಧ ಮೂಲ ಇದು.

೪
(ಮೂರರಲ್ಲಿ ‘ಮೂಲ ಎಂದರೇನು?’ ಎಂದು ಎರಡು ಪುಟ ಕೊರೆದಿದ್ದೆ. “ಯಾರ್ ಓದ್ತಾರೋ ಅದನ್ನ?” ಎಂದಳು ಚಿಕ್ಕಮ್ಮ. ಹರಿದುಹಾಕಿದೆ.)

“ಇನ್ನೊಂದು ಹಾಕು. ಇವರು ಹೋಗೋಕೆ ಸ್ವಲ್ಪ ಮುಂಚೆ ಡಿಸ್ಕ್ ಮಾಡೋರು ಕರೆಸಿದ್ರು. ತಮ್ಮ ಪಾತ್ರಕ್ಕೆ ತಾವೇ ಮಾತಾಡಿ ಬಂದ್ರು, ಆ ಕೆಮ್ಮು ಇಟ್ಕೊಂಡೇ.”

“ಅಯ್ಯೋ, ಅದು ರೀಮಿಕ್ಸ್ ಚಿಕ್ಕಮ್ಮಾ! ಗುದ್ದಿದ್ರೆ ಬಾಂಬ್ ಬಿದ್ದಂಗೆ ಸದ್ದು. ಯಾರಾದ್ರೂ ಹೊರಗಿಂದ ಕೂಗಿದ್ರೆ ನಮ್ಮ ಬೆನ್ನ ಹಿಂದೆ ಕೇಳುತ್ತೆ. ಬರೀ ಸರ್ಕಸ್ಸು!”

“ನಿನ್ನ ಮಡಿ ನಿನ್ನ ಹತ್ರಾನೇ ಇಟ್ಕೋ. ಒತ್ತು.”

ಒತ್ತಿದೆ. (ಮೋನೋ ಭಕ್ತನ ಮನೆಯಲ್ಲಿ ಐದು ಸ್ಪೀಕರ್ ಏಕೆ ಎಂದು ಕೇಳಬೇಡಿ. ರಿಯಾಯಿತಿ ಇತ್ತು.)

೫
ಮೂರು ಮುಕ್ತಾಯ ಯೋಚಿಸಿಟ್ಟಿದ್ದೆ. ಅ) ಎಳೆಯ ಮುಖಕ್ಕೆ ಮುದಿ ದನಿ ಹೊಂದದೆ ಚಿಕ್ಕಮ್ಮ ನಗುತ್ತಾಳೆ. ಆ) ನನಗೆ ಜ್ಞಾನೋದಯವಾಗುತ್ತದೆ. ಇ) ಕರೆಂಟ್ ಹೋಗುತ್ತದೆ. ಮೂರೂ ದಂಡವಾದವು.

ಪರದೆಯ ಮೇಲೆ ಛತ್ರದ ಮುಚ್ಚಿದ ಬಾಗಿಲು. ಖಳನಾಯಕ ಹೊರಗಿದ್ದಾನೆ, ಕಾಣುವುದಿಲ್ಲ. ನಮ್ಮ ಸೋಫಾದ ಹಿಂದೆ, ನನ್ನ ಫ್ಲ್ಯಾಟಿನ ಕಬ್ಬಿಣದ ಗೇಟಿರುವ ಕಡೆಯಿಂದಲೇ, ಒಂದು ಕೆಮ್ಮು ಕೇಳಿಸಿತು. ಆಮೇಲೆ ದನಿ:

“ಏ! ಬಾಗಿಲು ತೆಗಿ!”

“ಬಂದೇ, ತಡೀರಿ. ಅದ್ಯಾಕ್ ಹಂಗ್ ಕಿರುಚ್ತೀರಿ?”

ಚಿಕ್ಕಮ್ಮ ಆಗಲೇ ಅರ್ಧ ಎದ್ದಿದ್ದಳು. ಟಾರ್ಟಿನ ಡಬ್ಬಿ ನೆಲಕ್ಕೆ ಬಿತ್ತು. ನನ್ನ ಮುಖ ನೋಡಿದ ಮೇಲೆ ಮೆಲ್ಲಗೆ ಕೂತಳು. ನಾನು ಬಗ್ಗಿ ಡಬ್ಬಿ ಎತ್ತಿಟ್ಟೆ. ವ್ಯಂಗ್ಯಕ್ಕೆಂದು ತೆಗೆದಿಟ್ಟಿದ್ದ ಒಂದು ಒಳ್ಳೆಯ ಸಾಲು ಹಾಳಾಯಿತು.

ಇನ್ನು ಮುಕ್ತಾಯ. ಸಿನಿಮಾ ಮುಂದೆ ಓಡುತ್ತಿತ್ತು, ಹೀರೋ ಕತ್ತಿ ಹಿರಿದಿದ್ದ. ಚಿಕ್ಕಮ್ಮ ರಿಮೋಟ್ ಕಿತ್ತುಕೊಂಡಳು.

“ಮುಂದಕ್ ಬಿಡ್ಬೇಡ. ಅಲ್ಲಿ ಸಾಯಿಸ್ತಾರೆ.”

“ಕಥೆಗೆ ಒಂದು ಕೊನೆ ಬೇಡ್ವಾ ಚಿಕ್ಕಮ್ಮಾ?”

“ನಿಂಗ್ ಬೇಕಿರ್ಬಹುದು. ನಂಗೇನಕ್ಕೆ?”

ಹಿಂದಕ್ಕೆ ಒತ್ತಿದಳು. ಮತ್ತೆ ಮುಚ್ಚಿದ ಬಾಗಿಲು, ಮತ್ತೆ ಕೆಮ್ಮು, ಮತ್ತೆ “ಬಾಗಿಲು ತೆಗಿ!” ಮತ್ತೆ ಒತ್ತಿದಳು. ಈ ಸಲ ನಾನೂ ಹಿಂತಿರುಗಿ ಗೇಟಿನ ಕಡೆ ನೋಡಿದೆ.